ಕೇಳಿದವರಿಗೆ ಮಾತ್ರ ವಾಪಸ್

ಬೀದಿ ದೀಪಗಳು ಇನ್ನೂ ಆರಿಲ್ಲ. ನಾಲ್ಕನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಸಾಲು ಮೇಜುಗಳು, ಒಂದೊಂದರ ಮೇಲೂ ಒಂದು ಪರದೆ, ಒಂದು ಹೆಡ್‌ಫೋನ್. ಕಿಟಕಿ ಪಕ್ಕದ ಮೇಜಿನಲ್ಲಿ ನಲವತ್ತು ದಾಟಿದ ಹೆಂಗಸೊಬ್ಬರು ಫ್ಲಾಸ್ಕಿನ ಬಿಸಿನೀರು ಗುಟುಕರಿಸಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ಹೆಡ್‌ಫೋನಿಗೆ ಮೆತ್ತನೆಯ ಬಟ್ಟೆಯ ಗವಸು ತೊಡಿಸುತ್ತಾರೆ. ವರ್ಷಗಟ್ಟಲೆ ಒತ್ತಿ ಒತ್ತಿ ಅವರ ಎಡಗಿವಿಯ ಮೇಲೆ ಕಪ್ಪು ಕಲೆ ಬಿದ್ದಿದೆ. ಆರು ಹೊಡೆಯುವುದೇ ತಡ, ಮೊದಲ ಕರೆ.

"ತಪ್ಪಾಯ್ತು ಮೇಡಂ," ಎನ್ನುತ್ತದೆ ಆ ಕಡೆಯ ಗಂಡುದನಿ. ನಮಸ್ಕಾರವಿಲ್ಲ, ಹೆಸರಿಲ್ಲ, ಮೊದಲ ಮಾತೇ ಅದು.

ಇದು ಒಂದು ಬ್ಯಾಂಕಿನ ದೂರವಾಣಿ ಕೇಂದ್ರ. ಕಂತು ತಡವಾದರೆ, ಖಾತೆಯಲ್ಲಿ ಇದ್ದುದಕ್ಕಿಂತ ಹೆಚ್ಚು ಖರ್ಚಾದರೆ, ರಾತ್ರಿ ಎಲ್ಲರೂ ಮಲಗಿರುವಾಗ ಕಂಪ್ಯೂಟರ್ ತನ್ನ ಪಾಡಿಗೆ ತಾನು ಹಣ ಕತ್ತರಿಸಿ ಸಂದೇಶ ಕಳಿಸುತ್ತದೆ. ಜನ ಕಣ್ಣುಜ್ಜುತ್ತಾ ಎದ್ದು ಮೊಬೈಲ್ ನೋಡುತ್ತಾರೆ, ಎದೆ ಧಸಕ್ಕೆನ್ನುತ್ತದೆ, ಇಲ್ಲಿಗೆ ಫೋನ್ ಮಾಡುತ್ತಾರೆ. ಎತ್ತುವವರು ಇವರು. ಮೆಲ್ಲಗೆ ಮಾತಾಡುತ್ತಾರೆಂದು ಜೊತೆಯವರು ಇಟ್ಟಿರುವ ಹೆಸರು ಮೆಲ್ಲಕ್ಕ. ಹತ್ತು ವರ್ಷಗಳಿಂದ ಇದೇ ಕೆಲಸ. ಒಂದು ಪಾಳಿಗೆ ತೊಂಬತ್ತು ಕರೆ, ತಿಂಗಳ ಮೊದಲ ವಾರವಾದರೆ ನೂರು ದಾಟುವುದೂ ಉಂಟು. ಬೈಗುಳಕ್ಕೆ ಲೆಕ್ಕ ಇಟ್ಟವರಿಲ್ಲ.

"ಬೈಯೋರು ಪರವಾಗಿಲ್ಲ ಸರ್," ಎನ್ನುತ್ತಾರೆ ಮೆಲ್ಲಕ್ಕ, ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿರುವ ನನಗೆ. "ಬೈದು ಬೈದು ಸುಸ್ತಾಗಿ ಅವರೇ ಇಡ್ತಾರೆ. ಅಳೋರದ್ದೇ ಕಷ್ಟ. ಅವರು ಇಟ್ಟ ಮೇಲೂ ನನ್ನ ಕಿವೀಲಿ ಇರ್ತಾರೆ."

ಮೊದಲು ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದರಂತೆ. ಅದು ಬಾಗಿಲು ಹಾಕಿತು. ಗಂಡ ಸರಕು ವ್ಯಾನಿನ ಚಾಲಕರು, ರಾತ್ರಿ ಓಡಾಟ. ಇವರು ಕೆಲಸಕ್ಕೆ ಹೊರಡುವಾಗ ಅವರು ಬಂದು ಚಪ್ಪಲಿ ಬಿಡುತ್ತಾರೆ. "ಮದುವೆಯಾಗಿ ಹದಿನೆಂಟು ವರ್ಷ ಆಯ್ತು, ಜಗಳ ಆಡೋಕೆ ಟೈಮೇ ಸಿಕ್ಕಿಲ್ಲ," ಎಂದು ನಗುತ್ತಾರೆ. ಮಗಳು ಕಾಲೇಜಿಗೆ ಕಾಲಿಟ್ಟಿದ್ದಾಳೆ. ಎರಡು ಕೋಣೆಯ ಮನೆಯ ಮುಂಭಾಗದಲ್ಲಿ ಅತ್ತೆಯ ಹೊಲಿಗೆ ಯಂತ್ರ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಬಿಗಿಯಾದ ರವಿಕೆ ಸಡಿಲಿಸುವುದು ಅವರ ವ್ಯವಹಾರ. ಹೆಡ್‌ಫೋನಿನ ಗವಸೂ ಅವರದೇ ಕೈಗೆಲಸ.

ತಡ ಮಾಡಿದವರಿಂದ ಬ್ಯಾಂಕು ಹೀಗೆ ಹಣ ಕೀಳುವುದು ನ್ಯಾಯವೇ? ಕೇಂದ್ರದ ಮುಖ್ಯಸ್ಥರಿಗೆ ಇದರಲ್ಲಿ ಅನುಮಾನವೇ ಇಲ್ಲ. "ತಡ ಮಾಡಿದೋರಿಗೂ ಸರಿಯಾಗಿ ಕಟ್ಟಿದೋರಿಗೂ ಒಂದೇ ಅಂದ್ರೆ, ಸರಿಯಾಗಿ ಕಟ್ಟಿದೋರು ಪೆದ್ದರಾ?" ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಮೆಲ್ಲಕ್ಕನ ಅತ್ತೆಯೂ ಮುಖ್ಯಸ್ಥರ ಪಕ್ಷವೇ. ನಾನು ಅವರ ಮನೆಗೆ ಹೋದಾಗ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದರು: "ತಗೊಂಡ ಮೇಲೆ ಹೊತ್ತಿಗೆ ಸರಿಯಾಗಿ ಕೊಡ್ಬೇಕಪ್ಪ. ಇಲ್ದಿದ್ರೆ ತೆರಬೇಕು."

"ಹಾಗಾದ್ರೆ ಹೊಲಿಯೋಕೆ ಕೊಟ್ಟು ಮೂರು ತಿಂಗಳು ಈ ಕಡೆ ತಲೆ ಹಾಕದೋರಿಗೆ ನೀವ್ಯಾಕೆ ಏನೂ ಹಾಕಲ್ಲ ಅತ್ತೆ?" ಎಂದು ಸೊಸೆ ಕೆಣಕಿದರು. ಗೋಡೆಯ ಗೂಟದ ತುಂಬ ಅಂಥವರ ಬಟ್ಟೆಗಳೇ ತೂಗಾಡುತ್ತಿದ್ದವು.

"ಅಯ್ಯೋ, ಅವರು ಮತ್ತೆ ನನ್ನ ಹತ್ರಾನೇ ಬರಬೇಕಲ್ಲಮ್ಮ!"

ಮೆಲ್ಲಕ್ಕನ ನಿಲುವು ಇವರಿಬ್ಬರ ನಡುವಿನದು. "ಏನೂ ತಗೋಬೇಡಿ ಅಂತ ನಾನು ಹೇಳಲ್ಲ ಸರ್. ಎರಡು ದಿನ ತಡ ಆಯ್ತಾ, ಎರಡು ದಿನದ ಬಡ್ಡಿ ತಗೊಳ್ಳಿ. ಒಂದು ಸಲ ಬಿಸಿ ಮುಟ್ಟಿಸಬೇಕಾ, ಮುಟ್ಟಿಸಿ. ಆದ್ರೆ ಖಾತೇಲಿ ನೂರೈವತ್ತು ಇರೋನಿಗೆ ಮುನ್ನೂರು ಹಾಕ್ತಾರೆ. ಅದರಿಂದಾನೇ ಖಾತೆ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಕೆಳಗೆ ಹೋಯ್ತು ಅಂತ ಇನ್ನೊಂದು ಇನ್ನೂರು. ಮೊದಲನೇದು ಅವನ ತಪ್ಪು, ಸರಿ. ಎರಡನೇದು ಯಾರದು?"

ಇಂಥ ಲೆಕ್ಕಕ್ಕೆ ‘ಸೇವಾ ಶುಲ್ಕ’ ಎಂದೇ ಹೇಳಬೇಕೆಂದು ಇವರಿಗೆಲ್ಲ ತಾಕೀತಾಗಿದೆಯಂತೆ. ಸೇವೆ ಮಾಡಿಸಿಕೊಂಡವರ ದನಿ ಹೀಗಿರುವುದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಹೊರಗಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಒಂದು ಪಾಳಿಯಲ್ಲಿ ಎಂಟು ಜನಕ್ಕೆ ಈ ಹಣವನ್ನು ವಾಪಸ್ ಹಾಕುವ ಅಧಿಕಾರ ಇವರ ಕೈಯಲ್ಲಿದೆ. ಷರತ್ತು ಒಂದೇ: ಗ್ರಾಹಕರು ಬಾಯಿಬಿಟ್ಟು ಕೇಳಬೇಕು. ಇವರಾಗಿ ಹೇಳುವಂತಿಲ್ಲ, ಸುಳಿವೂ ಕೊಡುವಂತಿಲ್ಲ. ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ, ಮೇಲ್ವಿಚಾರಕರು ಕೇಳುತ್ತಾರೆ. ಹೇಳಿಕೊಟ್ಟದ್ದು ಸಿಕ್ಕಿಬಿದ್ದರೆ ಒಂದು ಗುರುತು. ಮೂರು ಗುರುತಾದರೆ ಫೋನಿನಿಂದ ಎತ್ತಿ ಕೆಳಮಹಡಿಯ ಕಾಗದ ವಿಂಗಡಿಸುವ ವಿಭಾಗಕ್ಕೆ ಹಾಕುತ್ತಾರೆ. ಅಲ್ಲಿ ಸಂಬಳ ಮೂರನೇ ಒಂದು ಭಾಗ ಕಡಿಮೆ. ಮೆಲ್ಲಕ್ಕನ ಹೆಸರಿನ ಮುಂದೆ ಆಗಲೇ ಎರಡು ಗುರುತುಗಳಿವೆ. ಮಗಳ ಕಾಲೇಜು ಶುಲ್ಕ ನಡೆಯುತ್ತಿರುವುದು ಈ ಸಂಬಳದಿಂದ.

ಕೇಳುವವರು ಯಾರು? ನಾನು ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಬೆಳಗಿನಿಂದ ಕೂತಿದ್ದೇನೆ, ಕೇಂದ್ರದವರ ಅನುಮತಿ ಪಡೆದೇ. ಕಾರಿನೊಳಗಿಂದ ಮಾತಾಡುವವರು ಕೇಳುತ್ತಾರೆ, ಇವರ ಮೇಲಿನವರಿಗೆ ದೂರು ಕೊಡುತ್ತೇನೆ ಎನ್ನುವವರು ಕೇಳುತ್ತಾರೆ. ಏಳು ವಾಪಸಾತಿ ಹಾಗೇ ಮುಗಿದಿವೆ. ನಿಜಕ್ಕೂ ಬೇಕಾದವರು ತಪ್ಪಾಯ್ತು ಎಂದು ಹೇಳಿ, ಇನ್ನು ಮುಂದೆ ಹುಷಾರಾಗಿರುತ್ತೇನೆ ಎಂದು ಮಾತು ಕೊಟ್ಟು ಇಟ್ಟುಬಿಡುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಮೆಲ್ಲಕ್ಕ ಸುಮ್ಮನೆ ಮುಂದಿನ ಗುಂಡಿ ಒತ್ತುತ್ತಾರೆ.

ಅವರು ಒಂದು ದಾರಿ ಕಂಡುಕೊಂಡಿದ್ದಾರೆ. ಎಲ್ಲ ಹೇಳಿ ಮುಗಿಸಿ, "ಇದರ ಬಗ್ಗೆ ನಿಮಗೇನಾದ್ರೂ ಹೇಳೋದಿದ್ಯಾ?" ಎಂದು ಕೇಳಿ, ಸುಮ್ಮನಾಗುತ್ತಾರೆ. ಅಷ್ಟು ಕೇಳಲು ಅಡ್ಡಿಯಿಲ್ಲ. ಆ ಮೌನದಲ್ಲಿ ಆ ಕಡೆಯವರಿಗೆ ಕೇಳಬೇಕೆನಿಸಲಿ ಎಂದು ಕಾಯುತ್ತಾರೆ. ಆದರೆ ಜಾಸ್ತಿ ಹೊತ್ತು ಸುಮ್ಮನಿದ್ದರೂ ಪರದೆಯಲ್ಲಿ ಕೆಂಪು ದೀಪ ಹತ್ತುತ್ತದೆ.

ಹನ್ನೊಂದರ ಹೊತ್ತಿಗೆ ಬೀಗ ರಿಪೇರಿಯವರೊಬ್ಬರ ಕರೆ ಬರುತ್ತದೆ. ಹಿಂದೆ ವಾಹನಗಳ ಸದ್ದು. ಕೀಲಿ ಕೊರೆಯುವ ಯಂತ್ರದ ಕಂತಂತೆ. ಕೆಲಸ ಮಾಡಿಸಿಕೊಂಡ ಅಂಗಡಿಯವನು ದುಡ್ಡು ಕೊಡಲು ಎರಡು ದಿನ ಆಟ ಆಡಿಸಿದ್ದಾನೆ, ಕಂತು ತಪ್ಪಿದೆ. ಮುನ್ನೂರು ಹೋಗಿ, ಅದರ ಹಿಂದೆಯೇ ಇನ್ನೂರೂ ಹೋಗಿದೆ.

"ತಪ್ಪು ನಂದೇ ಮೇಡಂ. ಇದ್ದ ದುಡ್ಡನ್ನ ಇವತ್ತು ಕೊರೆಯೋ ಖಾಲಿ ಕೀಲಿ ತರೋಕೆ ಅಂತ ಇಟ್ಟಿದ್ದೆ. ಪರವಾಗಿಲ್ಲ. ಯಾಕೆ ಹೋಯ್ತು ಅಂತ ತಿಳ್ಕೊಳ್ಳೋಣ ಅಂತ ಮಾಡ್ದೆ ಅಷ್ಟೇ."

ಮೆಲ್ಲಕ್ಕ ಬಿಡಿಸಿ ಹೇಳುತ್ತಾರೆ. ಆಮೇಲೆ, "ಇದರ ಬಗ್ಗೆ ನಿಮಗೇನಾದ್ರೂ ಹೇಳೋದಿದ್ಯಾ?"

"ಏನಿಲ್ಲಮ್ಮ. ನೀವು ಚೆನ್ನಾಗಿ ಹೇಳಿದ್ರಿ."

ಮೌನ. "ಇನ್ನೇನಾದ್ರೂ ಬೇಕಿತ್ತಾ?" ಎಂದು ಇವರು ಮತ್ತೊಮ್ಮೆ ಕೇಳುತ್ತಾರೆ.

"ಬೇಡಮ್ಮ. ಬೆಳಗ್ಗೆಯಿಂದ ಎಷ್ಟು ಜನಕ್ಕೆ ಉತ್ತರ ಹೇಳಿರ್ತೀರೋ. ಇಡ್ಲಾ?"

ಕೆಂಪು ದೀಪ ಹತ್ತುತ್ತದೆ. ಮೆಲ್ಲಕ್ಕ ಅದನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ.

"ಇಡಬೇಡಿ ಅಣ್ಣ. ನನ್ನ ದುಡ್ಡು ವಾಪಸ್ ಹಾಕಿ ಅಂತ ಕೇಳಿ."

ಆ ಕಡೆ ಒಂದು ಲಾರಿ ಹಾದುಹೋಗುತ್ತದೆ. ಆಮೇಲೆ ಅಳುಕುತ್ತಾ ಬರುತ್ತದೆ: "ಹಂಗೆಲ್ಲ... ಕೇಳ್ಬಹುದಾ ಮೇಡಂ?"

"ಕೇಳ್ಬಹುದು."

ಅವರು ಕೇಳುತ್ತಾರೆ. ಇವರು ಗುಂಡಿ ಒತ್ತುತ್ತಾರೆ. ಐನೂರೂ ವಾಪಸ್.

ಊಟದ ಬಿಡುವಿಗೆ ಮುಂಚೆಯೇ ಮೇಲ್ವಿಚಾರಕರು ಬಂದು ನಿಲ್ಲುತ್ತಾರೆ. ಕೆಟ್ಟವರಲ್ಲ, ಮುಖ ಚಿಕ್ಕದಾಗಿದೆ. "ಗೊತ್ತಿದ್ದೂ ಗೊತ್ತಿದ್ದೂ ಯಾಕಕ್ಕ?"

"ಅವರು ಕೇಳೋರಲ್ಲ ಅಂತ ಗೊತ್ತಾಗಿ ಹೋಯ್ತು ಸರ್."

ಸೋಮವಾರದಿಂದ ಕೆಳಮಹಡಿ ಎಂದು ಹೇಳಿ ಅವರು ಹೋಗುತ್ತಾರೆ. ಇದನ್ನೆಲ್ಲ ಬರೆಯಬಹುದೇ ಎಂದು ಕೇಳುತ್ತೇನೆ. "ಬರೀರಿ, ಹೇಗೂ ರೆಕಾರ್ಡ್ ಆಗಿದ್ಯಲ್ಲ," ಎಂದು ನಗುತ್ತಾರೆ. ಕಣ್ಣಲ್ಲಿ ನಗುವಿಲ್ಲ, ಬರೀ ಆಯಾಸ. ಮಗಳ ಶುಲ್ಕಕ್ಕೆ ಏನು ಮಾಡುತ್ತೀರಿ ಎಂದರೆ, ಗಂಡನ ಜೊತೆ ಮಾತಾಡಬೇಕು, ಭಾನುವಾರ ಅವರಿಗೆ ರಜೆ ಎನ್ನುತ್ತಾರೆ.

ಏನಾದರೂ ಆಸೆ ಉಳಿದಿದೆಯೇ?

"ದೊಡ್ಡದೇನಿಲ್ಲ ಸರ್," ಎಂದು ಹೆಡ್‌ಫೋನನ್ನು ಕಿವಿಗೆ ಏರಿಸುತ್ತಾರೆ. "ಇನ್ನೆರಡು ದಿನ ಈ ಫೋನು ನಂದು. ಅಷ್ಟರೊಳಗೆ ಒಬ್ಬರಾದ್ರೂ ತಪ್ಪಾಯ್ತು ಅನ್ನದೆ ಮಾತು ಶುರು ಮಾಡ್ಲಿ. ಕಳ್ಕೊಂಡೋರು ಅವರಲ್ವಾ?"