ಬರೆದವರ ಒಪ್ಪಿಗೆ ಪತ್ರ

ವಿಶ್ವವಿದ್ಯಾಲಯದ ಚರಿತ್ರೆಯ ಕೆಲಸ ನನ್ನ ತಲೆಗೆ ಬಿದ್ದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಬರೆಯುವವರು ಪ್ರೊಫೆಸರರು; ಧೂಳು ಕುಡಿಯುವವಳು ಗ್ರಂಥಾಲಯದ ಸಹಾಯಕಿಯಾದ ನಾನು. ಯಾವ ವಿಭಾಗ ಯಾವಾಗ ಶುರುವಾಯಿತು, ಯಾರು ಯಾವ ಸಂಶೋಧನೆ ಮಾಡಿದರು ಎಂದು ಪಟ್ಟಿ ಮಾಡಿ ಕೊಡಬೇಕು. ಪದವಿ ಸಿಕ್ಕವರದ್ದು ಮಾತ್ರ ಸಾಕು ಎಂದಿದ್ದರು. ಸಿಗದವರ ಥೀಸಿಸ್ ಎಲ್ಲಿ ಎಂದು ಕೇಳಿದ್ದಕ್ಕೆ ಹಿಂದಿನ ಸ್ಟೋರ್ ರೂಮಿನ ಕಡೆ ಕೈ ತೋರಿಸಿದರು. ಬೇಡದ್ದರಲ್ಲಿ ಮೂಗು ತೂರಿಸುವುದು ನನ್ನ ಹುಟ್ಟುಗುಣ. ಹೋದೆ.

ಮೂರನೇ ಕಪಾಟಿನಲ್ಲಿ ನನ್ನಪ್ಪನ ಹೆಸರಿತ್ತು.

ಅಪ್ಪ ಮೈಸೂರಿನಿಂದ ಬಂದ ಬ್ಯಾಂಕ್ ಗುಮಾಸ್ತ. ನಾವು ಪರೇಲಿನ ಚಾಳಿನಲ್ಲಿದ್ದಾಗ ಭಾನುವಾರಗಳಂದು ಖೋಲಿ ಖೋಲಿ ತಿರುಗಿ, ಮಿಲ್ಲುಗಳಲ್ಲಿ ದುಡಿಯುವ ಕನ್ನಡದವರ ಬದುಕಿನ ಬಗ್ಗೆ ಪಿಎಚ್‌ಡಿಗೆ ಬರೆದಿದ್ದರು. ಅದನ್ನು ಒಪ್ಪಿಸಿದಾಗ ನನಗೆ ಹತ್ತು ವರ್ಷ. ಆಮೇಲೆ ಉತ್ತರವೇ ಬರಲಿಲ್ಲ. ಫೇಲಾಗಿದೆ ಎಂದು ನಾವೇ ತಿಳಿದುಕೊಂಡೆವು. ಮನೆಯಲ್ಲಿ ಆ ಮಾತೆತ್ತಿದರೆ ಅಮ್ಮ ಕಣ್ಣು ಕೆಕ್ಕರಿಸುತ್ತಿದ್ದಳು.

ಥೀಸಿಸ್ ಜೊತೆಗೇ ದಾರದಿಂದ ಕಟ್ಟಿದ್ದ ಫೈಲು ಬಿಚ್ಚಿದೆ. ಇಬ್ಬರು ಪರೀಕ್ಷಕರ ವರದಿ. ಇಬ್ಬರೂ ಒಪ್ಪಿದ್ದರು! ಅದರ ಕೆಳಗೆ ಮೌಖಿಕ ಪರೀಕ್ಷೆಗೆ ಕರೆದ ಪತ್ರದ ನಕಲು, ಅದಕ್ಕೆ ಪಿನ್ನು ಚುಚ್ಚಿದ್ದ, ಅಂಟು ಬಿಚ್ಚದೆ ವಾಪಸು ಬಂದ ಲಕೋಟೆ. ಮೇಲೆ ಅಂಚೆಯವನ ಮರಾಠಿ ಗೀಚು: ಮನೆ ಬಿಟ್ಟು ಹೋಗಿದ್ದಾರೆ. ಆಗಷ್ಟೇ ನಾವು ಬೊರಿವಲಿಗೆ ಬಂದಿದ್ದೆವು. ರೇಷನ್ ಆಫೀಸಿಗೆ, ಹಾಲಿನ ಕೇಂದ್ರಕ್ಕೆ, ಊರಿನ ಚಿಕ್ಕಪ್ಪಂದಿರಿಗೆಲ್ಲ ಹೊಸ ವಿಳಾಸ ಹೋಗಿತ್ತು. ಅಯ್ಯೋ, ವಿಶ್ವವಿದ್ಯಾಲಯಕ್ಕೊಂದು ಕಾರ್ಡು ಗೀಚಲು ಏನು ಧಾಡಿಯಾಗಿತ್ತು! ಕೊನೆಯ ಹಾಳೆಯಲ್ಲಿ ಒಂದೇ ಸಾಲು: ಅವಧಿ ಮುಗಿದಿದ್ದರಿಂದ ರದ್ದು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಜಗಳ ತೆಗೆದೆ. "ಹದಿಮೂರು ವರ್ಷ ದಿನಾ ಚರ್ಚ್‌ಗೇಟಲ್ಲಿ ಇಳಿದು ಯೂನಿವರ್ಸಿಟಿ ಗೇಟಿನ ಮುಂದೇನೇ ಬ್ಯಾಂಕಿಗೆ ನಡ್ಕೊಂಡು ಹೋದ್ರಲ್ಲಪ್ಪ! ಒಂದೇ ಒಂದ್ಸಲ ಒಳಗೆ ಹೋಗಿ ಕೇಳಬಾರದಿತ್ತೇ?"

ಅಪ್ಪ ಪೇಪರು ಮಡಚುತ್ತಿದ್ದವರು ನಿಲ್ಲಿಸಿದರು. "ನಮ್ಮ ಗೈಡು ಹೇಳಿದ್ರಮ್ಮ, ಥೀಸಿಸ್ ಪರೀಕ್ಷಕರ ಹತ್ರ ಇರೋವಾಗ ಆಫೀಸಿನ ಕಡೆ ತಲೆ ಹಾಕಬೇಡ, ವಶೀಲಿಗೆ ಬಂದ ಅಂತಾರೆ ಅಂತ."

ಆ ಗೈಡು ಥೀಸಿಸ್ ಒಪ್ಪಿಸಿದ ವರ್ಷವೇ ತೀರಿಕೊಂಡಿದ್ದರು. ಇನ್ನು ಹೋಗಿ ಕೇಳಬಹುದು ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. ಅಪ್ಪ ಕಾಯುತ್ತಲೇ ಇದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಫೈಲಿನಲ್ಲಿ ಕಂಡದ್ದನ್ನೆಲ್ಲ ಒದರಿದೆ.

"ಇಬ್ಬರೂ ಒಪ್ಪಿದ್ರಾ?" ಎಂದು ಕೇಳಿದರು. ಹೂಂ ಅಂದೆ. ಮತ್ತೆ ಅದನ್ನೇ ಕೇಳಿದರು.

ಮರುದಿನದಿಂದ ಆಫೀಸಿನ ಮೆಟ್ಟಿಲು ಸವೆಸಿದೆ. ಎಲ್ಲರೂ ಪಾಪ ಎಂದರು, ಚಹಾ ಕುಡಿಸಿದರು. ರದ್ದಾದದ್ದು ಮಾತ್ರ ರದ್ದೇ. ಅಪ್ಪನಿಗೆ ಹೇಳಿದರೆ, "ಹೋಗ್ಲಿ ಬಿಡು, ಪುಸ್ತಕ ಒಂದ್ಸಲ ನೋಡ್ತೀನಿ" ಎಂದರು.

ಶನಿವಾರ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಶರಟು ತೊಟ್ಟು ಬಂದರು. ಸ್ಟೋರಿನ ಬೀಗದ ಕೈ ಇದ್ದದ್ದು ವಿಜಾಪುರದ ಕಡೆಯ ಅಟೆಂಡರ್ ಹತ್ತಿರ. ನಿಯಮದ ಮನುಷ್ಯ. "ಪದವಿ ಆಗಲಾರದ್ದು ಹಂಗ ಕೊಡಾಕ ಬರೂದಿಲ್ರೀ ಸಾಹೇಬ್ರ. ಬರದವ್ರ ಒಪ್ಪಿಗಿ ಪತ್ರ ಬೇಕು."

ನಾನು ಹರಿಹಾಯುವುದರಲ್ಲಿದ್ದೆ. ಅಪ್ಪ ನನ್ನ ಕೈ ಹಿಡಿದು ಕೂರಿಸಿ, ಜೇಬಿನ ಪೆನ್ನು ತೆಗೆದರು. ನನ್ನ ಪ್ರಬಂಧವನ್ನು ನಾನು ಓದಲು ನನ್ನ ಅಭ್ಯಂತರವಿಲ್ಲ ಎಂದು ಬರೆದು ರುಜು ಹಾಕಿದರು. ಅದರ ಕೆಳಗೆ ಬೊರಿವಲಿಯ ಬಿಲ್ಡಿಂಗು, ಮಾಳಿಗೆ, ಮನೆ ನಂಬರು, ಪಿನ್‌ಕೋಡು, ಒಂದೊಂದೇ ಅಕ್ಷರ ಬಿಡಿಸಿ ಬರೆದರು.

ಅಟೆಂಡರ್ ಕೈಗೆ ಅದನ್ನು ಕೊಡುತ್ತ, "ಇನ್ಮೇಲೆ ಏನಾದ್ರೂ ಕಳಿಸೋದಿದ್ರೆ ಈ ಅಡ್ರೆಸ್ಸಿಗೇ ಕಳಿಸಿ" ಎಂದರು.