ಒಂಟಿ ಗ್ಲೌಸಿನ ಆಂಟಿ

ಬಲಗೈಗೆ ತೋಟದ ಕೆಲಸದ ದಪ್ಪ ಹಸಿರು ಗ್ಲೌಸು, ಎಡಗೈ ತುಂಬ ಗಾಜಿನ ಬಳೆ. ಪಕ್ಕದ ಮನೆ ಆಂಟಿಯನ್ನು ನೆನೆದರೆ ಮೊದಲು ಕಾಣುವುದು ಈ ಎರಡು ಕೈಗಳು. ಗ್ಲೌಸು ಒಂದೇ ಏಕೆಂದರೆ ಅದೂ ಜನ ಬಿಟ್ಟುಹೋದ ಸಾಮಾನಿನ ಗುಡ್ಡೆಯಲ್ಲಿ ಸಿಕ್ಕಿದ್ದು; ಜೊತೆಯದು ಸಿಗಲೇ ಇಲ್ಲವಂತೆ.

ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ, ಫ್ಲ್ಯಾಟುಗಳ ನಮ್ಮ ಎಸ್ಟೇಟಿನಲ್ಲಿ, ಭಾರತದಿಂದ ಕಂಪನಿ ಕೆಲಸಕ್ಕೆ ಬಂದವರೇ ಹೆಚ್ಚು. ಊರಿಗೆ ಹೊರಟವರು ಬೇಡದ್ದನ್ನೆಲ್ಲ ಗೇಟಿನ ಹೊರಗೆ ಗುಡ್ಡೆ ಹಾಕಿ ಹೋಗುತ್ತಾರೆ. ಗೇಟು ಕಾಯುವ ಅಸ್ಕರಿ ಮೊದಲು ಸುದ್ದಿ ಮುಟ್ಟಿಸುತ್ತಿದ್ದುದು ಆಂಟಿಗೆ. ಅವನು ತನಗೆ ಬೇಕಾದ್ದನ್ನು ಆರಿಸಿಕೊಳ್ಳುವವರೆಗೆ ಕಾದಿದ್ದು, ಆಮೇಲೆ ಇವರು ಸೆರಗು ಸಿಕ್ಕಿಸಿ ಇಳಿಯುತ್ತಿದ್ದರು. ಫ್ಯಾಕ್ಟರಿ ಮ್ಯಾನೇಜರರ ಹೆಂಡತಿ ಹಾಡಹಗಲು ಕಸ ಕೆದಕುವುದು ನೋಡಿ ನಾಚಿಕೆಯಿಂದ ನನ್ನ ಮೈ ಹಿಡಿಯಷ್ಟಾಗುತ್ತಿತ್ತು. ಒಮ್ಮೆ ತಡೆಯಲಾರದೆ, ನಮ್ಮವರ ಮಾನ ಹೋಗುತ್ತದೆ ಎಂದೇ ಬಿಟ್ಟೆ.

"ಮಾನ ಹೋಗೋ ಅಂಥದ್ದು ಏನ್ ಕದ್ದೆ ಹೇಳು?" ಎಂದು ಅವರು ಇಡ್ಲಿ ಸ್ಟ್ಯಾಂಡಿನ ಧೂಳು ಒರೆಸಿದರು.

ಆಮೇಲೆ ನನಗೂ ಮನೆ ಹಗುರ ಮಾಡುವ ಹುಚ್ಚು ಹತ್ತಿತು. ವರ್ಷದಿಂದ ಬಿಚ್ಚದ ಡಬ್ಬ ಬೇಡದ ಡಬ್ಬ ಎಂದು ಯಾವುದೋ ವಿಡಿಯೋದಲ್ಲಿ ಕೇಳಿ, ಕಪಾಟಿನ ಮೇಲಿದ್ದ ನಾಲ್ಕು ಪೆಟ್ಟಿಗೆಗಳನ್ನು ಬಿಚ್ಚದೆಯೇ ಗೇಟಿನ ಹೊರಗಿಡಿಸಿದೆ. ತಿಂಗಳ ನಂತರ ಅಮ್ಮನ ತಿಥಿ ಬಂತು. ಅವಳ ಸ್ಟೀಲ್ ಫಿಲ್ಟರಿನಲ್ಲೇ ಡಿಕಾಕ್ಷನ್ ಇಳಿಸೋಣವೆಂದು ಹುಡುಕುವಾಗ ನೆನಪಾಯಿತು, ಅದು ಆ ಪೆಟ್ಟಿಗೆಗಳಲ್ಲೊಂದರಲ್ಲಿತ್ತು. ಅಮ್ಮನಿಂದ ನನಗೆ ಉಳಿದದ್ದು ಅದೊಂದೇ.

ನಾಚಿಕೆ ನುಂಗಿಕೊಂಡು ಆಂಟಿಯ ಬಾಗಿಲು ತಟ್ಟಿದೆ. ಪಾತ್ರೆಯ ಮೇಲೆ ಯಾರ ಹೆಸರಿದೆ ಎಂದಷ್ಟೇ ಕೇಳಿದರು. ಅಮ್ಮನ ಹೆಸರು ಹೇಳಿದೆ. ಸ್ಟೋರ್ ರೂಮಿನಲ್ಲಿ ತವಾ, ಕುಕ್ಕರು, ಕುರ್ಚಿಗಳೆಲ್ಲ ತೊಳೆದು, ರಿಪೇರಿಯಾಗಿ ಸಾಲಾಗಿ ಕೂತಿದ್ದವು. ಮುಂದಿನ ವಾರ ಬೆಂಗಳೂರಿನಿಂದ ಬರುವ ಹೊಸ ಜೋಡಿಗಂತೆ. ಮೂಲೆಯಿಂದ ಒಂದು ಪೇಪರಿನ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಒಳಗೆ ಫಿಲ್ಟರು, ಅದರ ಮೇಲೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಅಮ್ಮನ ಹೆಸರು.

"ಹೆಸರು ಹಾಕ್ಸಿರೋ ಪಾತ್ರೆ ಮಾತ್ರ ಯಾರಿಗೂ ಕೊಡಲ್ಲ ಕಣೆ. ಕೇಳ್ಕೊಂಡು ಬಂದೇ ಬರ್ತಾರೆ."

ಅಳು ಬಂತು. ಅಳುತ್ತಲೇ ಆ ಸಾಲನ್ನು ನೋಡಿದೆ. ನಾವು ಎರಡು ಸೂಟ್‌ಕೇಸ್ ಹಿಡಿದು ನೈರೋಬಿಗೆ ಬಂದಿಳಿದ ದಿನ ಆಂಟಿ ತಂದುಕೊಟ್ಟ ಕುಕ್ಕರು, ತವಾ ನೆನಪಾದವು. ಅವೂ ಗುಡ್ಡೆಯವೇ ಎಂದು ಕೇಳಿದರೆ ಹೂಂ ಎಂದು ನಕ್ಕರು. ನಾಲ್ಕು ವರ್ಷ ಅದೇ ಕುಕ್ಕರಿನ ಅನ್ನ ಉಂಡು ಅವರಿಗೇ ಮಾನದ ಪಾಠ ಹೇಳಿದ್ದೆ.

ಹೋದ ವರ್ಷ ಆಂಟಿ ತೀರಿಕೊಂಡರು. ಅಂಕಲ್ ಮೈಸೂರಿಗೆ ಹೊರಟಾಗ ಆ ಸ್ಟೋರ್ ರೂಮೇ ಗೇಟಿನ ಹೊರಗೆ ಗುಡ್ಡೆಯಾಯಿತು. ಅಸ್ಕರಿ ಈ ಸಲ ನನ್ನ ಬಾಗಿಲು ತಟ್ಟಿ, ಮಾಮಾನ ಸಾಮಾನು ಎಂದು ಮೆಲ್ಲಗೆ ಹೇಳಿದ; ಆಂಟಿಯನ್ನು ಅವನು ಕರೆಯುತ್ತಿದ್ದುದು ಹಾಗೆ, ಅವನ ಭಾಷೆಯಲ್ಲಿ ಮಾಮಾ ಎಂದರೆ ಅಮ್ಮ. ಮಗಳೊಡನೆ ಗೇಟಿಗೆ ಹೋದೆ. ಸ್ಕೂಲ್ ಬಸ್ಸು ಬರುವ ಹೊತ್ತು, ಎಸ್ಟೇಟಿನವರೆಲ್ಲ ಅಲ್ಲೇ ನಿಂತಿದ್ದರು. ಗುಡ್ಡೆಯ ಮೇಲೆ ಹಸಿರು ಗ್ಲೌಸು ಬಿದ್ದಿತ್ತು.

"ಮಮ್ಮಿ, ಎವ್ರಿವನ್ ಈಸ್ ವಾಚಿಂಗ್," ಎಂದಳು ಮಗಳು.

ಅಸ್ಕರಿ ಆರಿಸಿಕೊಳ್ಳುವವರೆಗೆ ಕಾದೆ. ಆಮೇಲೆ ಗ್ಲೌಸನ್ನು ಬಲಗೈಗೆ ಏರಿಸಿಕೊಂಡು ಬಗ್ಗಿದೆ. ಸೋಮವಾರ ಮೂರನೇ ಮಹಡಿಗೆ ಹುಬ್ಬಳ್ಳಿಯಿಂದ ಹೊಸಬರು ಬರುವವರಿದ್ದರು. ಅವರಿಗೊಂದು ಕುಕ್ಕರು ಬೇಕಿತ್ತು.