ಕಂಬಳಿಯ ಮೇಲೆ ಬಿಚ್ಚಿದ ಕಂಪ್ಯೂಟರ್

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ರೇಡಿಯೋ, ಟಿ.ವಿ., ಕೊನೆಗೆ ಕಂಪ್ಯೂಟರ್ ರಿಪೇರಿಯನ್ನೂ ಬಿಚ್ಚಿ ನೋಡಿಯೇ ಕಲಿತೆ. ನನ್ನ ಕೈ ಸೋಕಿದ ಮಿಷನ್ ಮತ್ತೆ ಕೆಡುವುದಿಲ್ಲ ಎಂಬ ಮಾತು ಗುಂಡ್ಲುಪೇಟೆಯಲ್ಲಿತ್ತು. ಆ ಮಾತಿಗಾಗಿಯೇ ದುಡಿದವನು.

ಆ ವರ್ಷ ಆಯುಧಪೂಜೆಯ ದಿನ ಅಂಗಡಿಯ ಮೇಜಿಗೆ ಹೊಸ ಕರಿಕಂಬಳಿ ಹಾಸಿದೆ. ನಮ್ಮ ಕಡೆ ದೇವರ ಗದ್ದುಗೆಗೆ ಹಾಸುವುದು ಅದನ್ನೇ. ಅನ್ನ ಕೊಡುವ ಮೇಜಿಗೆ ಅದಕ್ಕಿಂತ ಕಡಿಮೆಯದು ಏಕೆ ಎನ್ನಿಸಿ, ಪೂಜೆ ಮುಗಿದ ಮೇಲೂ ತೆಗೆಯಲಿಲ್ಲ.

ಚಳಿಗಾಲದಲ್ಲಿ ಹರವೆಯ ಹೆಣ್ಣುಮಗಳೊಬ್ಬಳು ಕಂಪ್ಯೂಟರ್ ತಂದಳು. ಊರಿನವರಿಗೆ ಅರ್ಜಿ, ಪಹಣಿ ಪ್ರಿಂಟ್ ಹಾಕಿಕೊಡುವ ಸಣ್ಣ ಅಂಗಡಿ ಅವಳದು. ವೇಗ ಸಾಲದೆಂದು ಹೊಸ ರ‍್ಯಾಮ್ ತಾನೇ ಕೊಂಡು ತಂದಿದ್ದಳು. ಹಾಕಿಕೊಟ್ಟೆ. ಮೂರೇ ದಿನಕ್ಕೆ ಮಿಷನ್ ಸತ್ತಿದೆಯೆಂದು ಹೊತ್ತುಕೊಂಡು ಬಂದಳು. ಅಂಗಡಿ ತುಂಬ ಜನ. ನನಗೆ ರೇಗಿತು.

"ಡೂಪ್ಲಿಕೇಟ್ ಮಾಲು ತಂದು ನನ್ ಕೈಗೆ ಕೆಟ್ಟೆಸ್ರು ತತ್ತೀಯಲ್ಲವ್ವ?"

"ಅಂಗನ್ಬೇಡಿ ಅಣ್ಣ, ಒಳ್ಳೆ ಅಂಗ್ಡೀಲೇ ತಂದಿವ್ನಿ."

"ಮಾಡೋದ್ನೆಲ್ಲ ಮಾಡ್ಬುಟ್ಟು ಸುಳ್ ಬೇರೆ!"

ಅವಳು ಕಂಪ್ಯೂಟರ್ ಎತ್ತಿಕೊಂಡು ಹೋದಳು.

ಆಮೇಲೆ ಬೇರೆಯವರ ಮಿಷನ್ನಿಗೆ ಹಾಕಿದ ಇನ್ನೆರಡು ರ‍್ಯಾಮ್ ಸತ್ತವು. ಅವು ನಾನೇ ಚಾಮರಾಜನಗರದ ಅಂಗಡಿಯೊಂದರಿಂದ ತಂದವು. ಸತ್ತ ಎರಡನ್ನೂ ಜೇಬಿಗೆ ಹಾಕಿಕೊಂಡು ಜಗಳಕ್ಕೆಂದೇ ಬಸ್ ಹತ್ತಿದೆ.

ಅಲ್ಲಿ ರಿಪೇರಿಗೆ ಕೂತಿದ್ದ ಹುಡುಗಿಯ ಮಣಿಕಟ್ಟಿಗೆ ಒಂದು ಪಟ್ಟಿ. ಅದರಿಂದ ಹೊರಟ ವೈರು ಗೋಡೆಯ ಪ್ಲಗ್ಗಿನ ಅರ್ಥ್‌ಗೆ ಸೇರಿತ್ತು.

"ಏನಮ್ಮಿ, ಓನರ್ ನಿನ್ನ ಕಟ್ಟಾಕವ್ರಾ?" ಎಂದೆ.

"ಊಂ ಅಣ್ಣ, ಮೇಯಕ್ ಓಯ್ತೀನಿ ಅಂತ." ನಗುತ್ತಲೇ ನಾನು ತಂದದ್ದನ್ನು ತಿರುಗಿಸಿ ನೋಡಿದಳು. "ಏನ್ರ ಮ್ಯಾಲೆ ಮಡಗಿ ಕೆಲ್ಸ ಮಾಡ್ತೀರಿ?"

"ಕರಿಕಂಬಳಿ. ಗದ್ದುಗೆಗೆ ಆಸ್ತಾರಲ್ಲ, ಅದು."

ಅವಳ ನಗು ನಿಂತಿತು. "ಉಣ್ಣೇದಾ? ಯಾವಾಗಿಂದ?"

"ಆಯುಧಪೂಜೆಯಿಂದ."

"ಅದುಕ್ ಮುಂಚೆ ಎಷ್ಟ್ ಓಗಿದ್ದೊ?"

ಮನಸ್ಸಿನಲ್ಲೇ ಎಣಿಸಿ ನೋಡಿದೆ. ಒಂದೂ ಹೋಗಿರಲಿಲ್ಲ.

"ಒಣ ಚಳೀಲಿ ಕಂಬಳಿ ಒದ್ರುದ್ರೆ ಚಟಚಟ ಅಂತದಲ್ಲ, ಅದೇ ಕರೆಂಟು ಕಣಣ್ಣ. ನಮ್ಗೆ ಚುರ್ ಅನ್ನೋದು ಜಾಸ್ತಿ ಇದ್ರೆ ಮಾತ್ರ. ಇದ್ನ ಸುಡಕ್ಕೆ ನಮ್ಗೆ ಗೊತ್ತೇ ಆಗ್ದಷ್ಟು ಸಾಕು. ಕೆಲವು ಆಗ್ಲೇ ಸಾಯ್ತವೆ, ಕೆಲವು ನಾಕ್ ದಿನ ಬದುಕಿದ್ದು. ಅದು ನಮ್ ಮೈಯಿಂದ ನೆಲುಕ್ಕೆ ಇಳೀಲಿ ಅಂತ್ಲೇ ಈ ಪಟ್ಟಿ."

ಕೈ ತೊಳೆದು, ಧೂಳು ಒರೆಸಿ, ಅಷ್ಟು ಜೋಪಾನವಾಗಿ ನಾನೇ ಒಂದೊಂದನ್ನೂ ಕೊಂದಿದ್ದೆ. ಕರೆಂಟು ಕಂಬಳಿಯಿಂದ ಮೈಗೆ, ಬೆರಳಿನಿಂದ ರ‍್ಯಾಮ್‌ಗೆ. ಒಮ್ಮೆಯಾದರೂ ಬೆರಳು ಚುರ್ರೆಂದಿದ್ದರೆ! ಹರವೆಯವಳ ಮುಖ ಕಣ್ಣಿಗೆ ಬಂತು.

ಹೊಸ ರ‍್ಯಾಮ್ ಒಂದನ್ನೂ, ಅಂಥದೇ ಮಣಿಕಟ್ಟಿನ ಪಟ್ಟಿಯನ್ನೂ ಕೊಂಡು ನೇರ ಹರವೆಗೆ ಹೋದೆ. ಅವಳ ಅಂಗಡಿಯಲ್ಲಿ ನಾಲ್ಕೈದು ಜನ ಕಾಯುತ್ತಿದ್ದರು. ಮಿಷನ್ ಇಲ್ಲದೆ ಅರ್ಜಿಗಳನ್ನು ಕೈಯಲ್ಲೇ ಬರೆದುಕೊಡುತ್ತಿದ್ದಳು.

"ನಿನ್ ಮಾಲು ಸರ್ಯಾಗೇ ಇತ್ತು ಕಣವ್ವ. ನನ್ ಕೈಯಿಂದ್ಲೇ ಸುಟ್ಟೋಗದೆ," ಎಂದೆ, ಅವಳಿಗಷ್ಟೇ ಕೇಳುವಂತೆ.

ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ. "ಅವತ್ತು ಇಷ್ಟ್ ಮೆತ್ಗೆ ಯೋಳ್ನಿಲ್ವಲ್ಲಣ್ಣ ನೀವು."

ಕಾಯುತ್ತಿದ್ದವರ ಕಡೆ ತಿರುಗಿ, ದನಿ ಎತ್ತಿ ಹೇಳಿದೆ: ಕಂಬಳಿ ಹಾಸಿದ್ದು, ನಾನೇ ಸುಟ್ಟದ್ದು, ಜನರ ಮುಂದೆ ಇವಳನ್ನು ಸುಳ್ಳಿ ಮಾಡಿದ್ದು.

"ಕಂಬಳೀಲಿ ಕರೆಂಟಾ? ಏನ್ಲಾ ಇದು!" ಎಂದು ಮುದುಕನೊಬ್ಬ ಬಾಯಿ ಬಿಟ್ಟ. ಯಾರೂ ನಗಲಿಲ್ಲ.

ಅವಳು ಪೆನ್ನು ಕೆಳಗಿಟ್ಟು, ಮೂಲೆಯಲ್ಲಿದ್ದ ಕಂಪ್ಯೂಟರನ್ನು ನನ್ನ ಕಡೆ ತಳ್ಳಿದಳು.

"ಬಿರ‍್ನೆ ಆಕ್ಕೊಡಿ. ಜನ ಕಾಯ್ತಾವ್ರೆ."